ಹೋಗಬಹುದು ಮೇಡಂ, ವಾಪಸ್ ಬರೋದು ಹೇಗೆ?

"ಹೋಗೋದು ಹೋಗಬಹುದು ಮೇಡಂ. ವಾಪಸ್ ಬರೋದು ಹೇಗೆ?"

ಅವರು ಈ ಮಾತು ಹೇಳಿದ್ದು ಮೂರನೇ ಭೇಟಿಯಲ್ಲಿ. ಅಷ್ಟು ಹೊತ್ತಿಗೆ ಆಪ್ತಸಲಹೆಗಾರ್ತಿಯಾದ ನಾನು ಅವರಿಗೆ ಒಂದು ತಪ್ಪು ಸಲಹೆ ಕೊಟ್ಟಾಗಿತ್ತು. ಅದನ್ನೂ ಇಲ್ಲಿ ಬರೆಯುತ್ತೇನೆ. ಕ್ಯಾನ್ಸರ್ ಚಿಕಿತ್ಸೆ ಮುಗಿಸಿದ ಎಷ್ಟೋ ಜನರಿಗೆ ನಾವೆಲ್ಲ ಅದೇ ಸಲಹೆಯನ್ನು ಕೊಡುತ್ತಲೇ ಇರುತ್ತೇವೆ.

ಇದನ್ನು ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಗುರುತು ಸಿಗುವಂಥ ವಿವರಗಳನ್ನು ಬದಲಿಸಿದ್ದೇನೆ. ಮಾತಾಡುವಾಗ ನಾನು ಅವರನ್ನು ಅಕ್ಕ ಅಂತ ಕರೆಯುತ್ತಿದ್ದೆ. ಇಲ್ಲೂ ಹಾಗೇ ಕರೆಯುತ್ತೇನೆ.

ಅಕ್ಕನಿಗೆ 54 ವರ್ಷ. ತೀರ್ಥಹಳ್ಳಿ ತಾಲ್ಲೂಕಿನ ತೋಟದ ಮನೆ. ಎಡ ಸ್ತನದ ಕ್ಯಾನ್ಸರ್ ಆಗಿತ್ತು. ಆಪರೇಷನ್ನಿನಲ್ಲಿ ಕಂಕುಳಿನ ಗಂಟುಗಳನ್ನೂ ತೆಗೆದಿದ್ದರು. ಆಮೇಲೆ ಎಂಟು ಕೀಮೊ, 15 ದಿನ ರೇಡಿಯೇಷನ್. ಫೆಬ್ರವರಿ ಹೊತ್ತಿಗೆ ಎಲ್ಲ ಮುಗಿದು, ಕಾಯಿಲೆ ಮರುಕಳಿಸದಿರಲಿ ಅಂತ ದಿನಕ್ಕೊಂದು ಲೆಟ್ರೊಜೋಲ್ ಮಾತ್ರೆ ಮಾತ್ರ ಉಳಿದಿತ್ತು. "ಎಲ್ಲ ಚೆನ್ನಾಗಿದೆ, ಇನ್ನು ಮಾಮೂಲಿ ಹಾಗೇ ಇರಿ" ಅಂತ ಡಾಕ್ಟರು ಕಳಿಸಿಕೊಟ್ಟಿದ್ದರು. ಅಕ್ಟೋಬರಿನಲ್ಲಿ ಮಗಳು ಅವರನ್ನು ಶಿವಮೊಗ್ಗಕ್ಕೆ, ನನ್ನ ಹತ್ತಿರ ಕರೆದುಕೊಂಡು ಬಂದಳು. ಅಮ್ಮ ರಾತ್ರಿ ಮಲಗುವುದಿಲ್ಲ, ಹಗಲು ಏಳುವುದಿಲ್ಲ, ಸುಮ್ಮಸುಮ್ಮನೆ ಅಳುತ್ತಾರೆ ಅಂದಳು.

ಅಕ್ಕನ ಮಾಮೂಲಿ ಅಂದರೆ ಯಾವುದು? ಬೆಳಿಗ್ಗೆ ಐದಕ್ಕೆ ಎದ್ದು ಎರಡು ಹಸುವಿನ ಹಾಲು ಕರೆಯುವುದು. ದರಕು, ಸೊಪ್ಪು ಹೊರುವುದು. ಕೊಯ್ಲಿನ ದಿನಗಳಲ್ಲಿ ಅಡಿಕೆ ಸುಲಿಯುವವರ ಜೊತೆ ಮಧ್ಯರಾತ್ರಿವರೆಗೆ ಮೆಟ್ಟುಗತ್ತಿ ಮುಂದೆ ಕೂರುವುದು. ಕಾಯಿಲೆ ಬಂದಮೇಲೆ ಮನೆಯವರು ಅದರಲ್ಲಿ ಒಂದನ್ನೂ ಮಾಡಗೊಡಲಿಲ್ಲ. ಹಸು ಮಾರಿದರು. ಒಲೆ ಮುಂದೆ ನಾದಿನಿಯ ಸೊಸೆ ಬಂದು ನಿಂತಳು. ಎಲ್ಲರೂ ಪ್ರೀತಿಯಿಂದಲೇ ಮಾಡಿದರು. ಅಕ್ಕ ಜಗಲಿಯ ಮೂಲೆಯಲ್ಲಿ ಕೂತರು. "ಮನೆಗೆ ಬಂದ ನೆಂಟರ ಹಾಗೆ ಆಗಿದ್ದೀನಿ" ಅಂದರು.

ಮೊದಲ ಭೇಟಿಯಲ್ಲಿ ಕೇಳಲೇಬೇಕಾದ್ದನ್ನು ಕೇಳಿದೆ. ಸಾಯಬೇಕು ಅನ್ನಿಸುತ್ತದಾ ಅಂತ ನೇರವಾಗಿಯೇ ಕೇಳುತ್ತೇನೆ. ಸುತ್ತಿ ಬಳಸಿ ಕೇಳಿದರೆ ಉತ್ತರವೂ ಸುತ್ತಿ ಬಳಸಿಯೇ ಬರುತ್ತದೆ. ಸಾಯುವ ಯೋಚನೆ ಇಲ್ಲ, ಬದುಕಿ ಎಂತ ಮಾಡೋದು ಅನ್ನಿಸುತ್ತದೆ ಅಂದರು. ಆ ಎರಡಕ್ಕೂ ಅಂತರ ಸಣ್ಣದು. ಹಾಗಾಗಿ ಮನೋವೈದ್ಯರನ್ನೂ ಒಮ್ಮೆ ನೋಡಿಸಿದೆವು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್‌ನ 14416 ನಂಬರನ್ನು ಮಗಳ ಫೋನಿಗೂ ಅಕ್ಕನ ಫೋನಿಗೂ ಹಾಕಿಸಿದೆ.

ಉಳಿದದ್ದು ಸುಸ್ತು. ಅವರು ಹೆಚ್ಚು ಮಾತಾಡಿದ್ದು ಅದರ ಬಗ್ಗೆಯೇ.

ಈ ಸುಸ್ತು ಬೇರೆ ಥರದ್ದು. ತೋಟದಲ್ಲಿ ದುಡಿದು ಬಂದ ಸುಸ್ತಾದರೆ ಒಂದು ನಿದ್ದೆಗೆ ಹೋಗುತ್ತದೆ. ಕ್ಯಾನ್ಸರ್ ಚಿಕಿತ್ಸೆಯ ಸುಸ್ತು ನಿದ್ದೆಗೆ ಹೋಗುವುದಿಲ್ಲ. ಕೆಲವರಿಗೆ ಚಿಕಿತ್ಸೆ ಮುಗಿದು ವರ್ಷಗಳಾದರೂ ಇರುತ್ತದೆ. ಮಲಗಿದರೆ ಕಾಲಿನ ಸ್ನಾಯು ಕರಗುತ್ತದೆ, ಎದೆಯ ದಮ್ಮು ಕಡಿಮೆಯಾಗುತ್ತದೆ. ಆಗ ಸಣ್ಣ ಕೆಲಸವೂ ಭಾರ ಅನ್ನಿಸುತ್ತದೆ. ಭಾರ ಅನ್ನಿಸಿದ್ದಕ್ಕೆ ಇನ್ನಷ್ಟು ಮಲಗುತ್ತಾರೆ. 2017ರಲ್ಲಿ 113 ಅಧ್ಯಯನಗಳನ್ನು ಒಟ್ಟು ಹಾಕಿ ನೋಡಿದ ಒಂದು ವಿಶ್ಲೇಷಣೆ ಬಂತು. ಈ ಸುಸ್ತಿಗೆ ಮಾತ್ರೆಗಿಂತ ವ್ಯಾಯಾಮ ಮತ್ತು ಆಪ್ತಸಲಹೆ ಜಾಸ್ತಿ ಕೆಲಸ ಮಾಡುತ್ತವೆ ಅಂತ ಅದರಲ್ಲಿ ಕಂಡಿತು. 2019ರಲ್ಲಿ ಅಮೆರಿಕನ್ ಕಾಲೇಜ್ ಆಫ್ ಸ್ಪೋರ್ಟ್ಸ್ ಮೆಡಿಸಿನ್ ಸೇರಿಸಿದ ತಜ್ಞರು ಅಳತೆಯನ್ನೂ ಹೇಳಿದರು. ವಾರಕ್ಕೆ ಮೂರು ಸಲ, ಸಲಕ್ಕೆ 30 ನಿಮಿಷ, ಮಧ್ಯಮ ಶ್ರಮದ ವ್ಯಾಯಾಮವನ್ನು 12 ವಾರ ಮಾಡಿದರೆ ಸುಸ್ತು, ಆತಂಕ, ಬೇಸರ ಮೂರೂ ಇಳಿಯುತ್ತವೆ ಅಂತ.

ಇದೆಲ್ಲ ನನಗೆ ಗೊತ್ತಿತ್ತು. ಹಾಗಾಗಿ "ದಿನಾ ಅರ್ಧ ಗಂಟೆ ನಡೀರಿ ಅಕ್ಕ" ಅಂದೆ. ಒಂದು ನೋಟ್‌ಬುಕ್ ಕೊಟ್ಟು, ನಡೆದ ದಿನ ಬರೆದಿಡಿ ಅಂದೆ.

ಎರಡನೇ ಭೇಟಿಗೆ ಪುಸ್ತಕ ತಂದರು. ಎಲ್ಲ ತಾರೀಖಿನ ಮುಂದೆಯೂ "ಇಲ್ಲ" ಅಂತ ಬರೆದಿದ್ದರು, ಒಂದು ದಿನವೂ ಬಿಡದೆ. ಮೂರನೇ ಭೇಟಿಗೂ ಹಾಗೇ ಇತ್ತು. ಮನಸ್ಸು ಮಾಡುತ್ತಿಲ್ಲ ಅಂತ ಮಗಳು ರೇಗಿದಳು. ನನಗೂ ಒಳಗೊಳಗೆ ಹಾಗೇ ಅನ್ನಿಸಿತ್ತು. ಆಮೇಲೆ ಯೋಚನೆ ಮಾಡಿದೆ. ಮನಸ್ಸೇ ಇಲ್ಲದವರು 40 ದಿನ ತಪ್ಪದೆ "ಇಲ್ಲ" ಅಂತ ಬರೆಯುತ್ತಾರಾ? ಆವತ್ತು ಮಗಳನ್ನು ಹೊರಗೆ ಕೂರಿಸಿ, ನಡೆಯೋಕೆ ಹೊರಟರೆ ಏನಾಗುತ್ತೆ, ಹೆಜ್ಜೆ ಹೆಜ್ಜೆಯಾಗಿ ಹೇಳಿ ಅಂತ ಕೇಳಿದೆ.

ಮನೆ ಇರುವುದು ಕಣಿವೆಯಲ್ಲಿ. ಇನ್ನೂ ಕೆಳಗೆ ತೋಟ, ಮೇಲೆ ಟಾರು ರಸ್ತೆ. ಅಂಗಳ ದಾಟಿ ಬೇಲಿ ಬಾಗಿಲಿನ ಉಣುಗೋಲು ಸರಿಸಿದರೆ ನೆಟ್ಟಗೆ ಏರು. ಅಲ್ಲಿ ಅರ್ಧ ಗಂಟೆ ನಡೆಯುವುದು ಅಂದರೆ ಮೊದಲ ಹತ್ತು ನಿಮಿಷ ಬೆಟ್ಟ ಹತ್ತುವುದು. ಇಲ್ಲವೇ ತೋಟಕ್ಕೆ ಇಳಿಯುವುದು, ಇಳಿದ ಮೇಲೆ ಹತ್ತಿ ಬರುವುದು. ಶಿವಮೊಗ್ಗದ ಸಮತಟ್ಟಾದ ರಸ್ತೆ ಪಕ್ಕ ಕೂತು, ತುಂಗಾ ಚಾನಲ್ ಏರಿ ಮೇಲೆ ಬೆಳಿಗ್ಗೆ ವಾಕಿಂಗ್ ಹೋಗುವವರಿಗೆ ಹೇಳುವ ಹಾಗೆ ನಾನು ಅವರಿಗೆ ಹೇಳಿದ್ದೆ.

ಅದರ ಹಿಂದೆ ಇನ್ನೊಂದು ಇತ್ತು. ಹಿಂದಿನ ಮೇ ತಿಂಗಳಲ್ಲಿ ಒಂದು ಸಂಜೆ ಅಕ್ಕ ನಾದಿನಿ ಮನೆಗೆ ಒಬ್ಬರೇ ನಡೆದು ಹೋಗಿದ್ದರು. ಒಂದೂವರೆ ಕಿಲೋಮೀಟರ್, ಹೆಚ್ಚಿನದೆಲ್ಲ ಇಳಿಜಾರು. ಖುಷಿಯಾಗಿಯೇ ಹೋದರು. ಬರುವಾಗ ಅರ್ಧ ದಾರಿಯಲ್ಲಿ ಕಾಲು ಸೋತಿತು. ಎದೆ ಡವಗುಟ್ಟಿತು. ಮೋರಿ ಕಟ್ಟೆ ಮೇಲೆ ಕೂತರು. ಫೋನಿಗೆ ನೆಟ್‌ವರ್ಕ್ ಇಲ್ಲ. ಕತ್ತಲಾಗುತ್ತಾ ಬಂತು. ಮುಕ್ಕಾಲು ಗಂಟೆ ಆದ ಮೇಲೆ ಯಾರದೋ ಜೀಪು ಬಂತು. "ಸಾಯ್ತೀನಿ ಅಂತ ಹೆದರಿಕೆ ಆಗ್ಲಿಲ್ಲ ಮೇಡಂ. ಹೀಗೆ ರಸ್ತೆ ಬದಿ ಬಿದ್ದಿರೋದನ್ನ ಯಾರಾದ್ರೂ ನೋಡ್ತಾರಲ್ಲ ಅಂತ ಆಯ್ತು." ಆವತ್ತಿಂದ ಉಣುಗೋಲು ದಾಟಿರಲಿಲ್ಲ. ಮನೆಯಲ್ಲಿ ಯಾರಿಗೂ ಇದನ್ನು ಪೂರ್ತಿ ಹೇಳಿರಲೂ ಇಲ್ಲ.

ಆಗ ಬಂದದ್ದು ಆ ಮಾತು. ಹೋಗೋದು ಹೋಗಬಹುದು, ವಾಪಸ್ ಬರೋದು ಹೇಗೆ?

ನನಗೆ ಕಣ್ಣು ತೆರೆದ ಹಾಗಾಯಿತು. ಇವರಿಗೆ ಹೊರಡೋಕೆ ಶಕ್ತಿ ಇದೆ, ಆಸೆಯೂ ಇದೆ. ವಾಪಸ್ ಬರುತ್ತೇನೆ ಅನ್ನುವ ಭರವಸೆ ಒಂದೇ ಇಲ್ಲ. ಆಮೇಲೆ ಬೇರೆ ಕ್ಯಾನ್ಸರ್ ರೋಗಿಗಳನ್ನೂ ಇದನ್ನೇ ಕೇಳಿದ್ದೇನೆ. ತುಂಬಾ ಜನ ತಲೆ ಆಡಿಸುತ್ತಾರೆ. ಅರ್ಧ ದಾರಿಯಲ್ಲಿ ಸಿಕ್ಕಿಹಾಕಿಕೊಳ್ಳುವ ಭಯ ಅದು. ಮಲೆನಾಡಿನಲ್ಲಂತೂ ಪ್ರತಿ ಮನೆಗೂ ಒಂದು ಏರು ಇರುತ್ತದೆ.

ಸೈಕಲ್ ವಿಷಯ ಬಂದದ್ದು ಮಗಳ ಮನೆಯಿಂದ. ಅವಳು ಆಫೀಸಿಗೆ ಎಲೆಕ್ಟ್ರಿಕ್ ಸೈಕಲ್ಲಿನಲ್ಲಿ ಹೋಗುತ್ತಾಳೆ. ಆವತ್ತು ಸಂಜೆ ಅಕ್ಕ ಅದನ್ನು ಮನೆ ಮುಂದಿನ ಗಲ್ಲಿಯಲ್ಲಿ ಹತ್ತಿ ನೋಡಿದರಂತೆ. ಹುಡುಗಿಯಾಗಿದ್ದಾಗ ಅಣ್ಣನ ದೊಡ್ಡ ಸೈಕಲ್ಲಿನ ಬಾರ್ ಕೆಳಗೆ ಕಾಲು ತೂರಿಸಿ, ಒಳಪೆಡಲ್ ಹೊಡೆದು ಕಲಿತವರು. ಮದುವೆ ಆದಮೇಲೆ ಮುಟ್ಟಿರಲಿಲ್ಲ. ಎರಡು ಸುತ್ತು ಹೋಗಿ ಬಂದು, "ಯಾರೋ ಹಿಂದಿಂದ ನೂಕಿದ ಹಾಗೆ ಆಗ್ತದೆ" ಅಂದರಂತೆ. ಮಗಳು ಮರುದಿನ ಫೋನ್ ಮಾಡಿ, ಇದು ಆಗುತ್ತಾ ಮೇಡಂ ಅಂತ ಕೇಳಿದಳು.

ಆಗುತ್ತದೆ ಅಂತ ಹೇಳುವ ಅಧಿಕಾರ ನನಗಿಲ್ಲ. ಆಪ್ತಸಲಹೆಗಾರರು ಇಲ್ಲಿ ಗೆರೆ ದಾಟಬಾರದು. ಮೊದಲು ಕ್ಯಾನ್ಸರ್ ಡಾಕ್ಟರನ್ನು ಕೇಳಿ ಬನ್ನಿ ಅಂದೆ. ಏನು ಕೇಳಬೇಕು ಅಂತ ಚೀಟಿಯಲ್ಲಿ ಬರೆದುಕೊಟ್ಟೆ. ಅಕ್ಕನಿಗೆ ಕೊಟ್ಟ ಕೀಮೊದಲ್ಲಿ ಡಾಕ್ಸೊರುಬಿಸಿನ್ ಇತ್ತು, ರೋಗಿಗಳು 'ಕೆಂಪು ಔಷಧಿ' ಅನ್ನುವುದು ಅದನ್ನೇ. ಅದು ಕೆಲವರ ಹೃದಯವನ್ನು ದುರ್ಬಲ ಮಾಡುತ್ತದೆ, ಹಾಗಾಗಿ ಎಕೋ, ಅಂದರೆ ಹೃದಯದ ಸ್ಕ್ಯಾನ್ ಬೇಕು. ಲೆಟ್ರೊಜೋಲ್ ಮೂಳೆ ಸವೆಸುತ್ತದೆ, ಹಾಗಾಗಿ ಮೂಳೆಯ ಗಟ್ಟಿತನ ಅಳೆಯುವ ಡೆಕ್ಸಾ ಸ್ಕ್ಯಾನ್ ಬೇಕು. ಬಿದ್ದರೆ ಮುರಿಯುವ ಮೂಳೆಯಾ ಅಂತ ಗೊತ್ತಿರಬೇಕಲ್ವಾ? ರಕ್ತ ಪರೀಕ್ಷೆ. ಎಡ ಭುಜ ಎಷ್ಟು ಎತ್ತಲು ಬರುತ್ತದೆ ಅಂತ ಫಿಸಿಯೋಥೆರಪಿಸ್ಟ್ ನೋಡಬೇಕು. ಇನ್ನೊಂದು, ಬೆರಳು ಜೋಮು ಹಿಡಿಯುತ್ತದಾ? ಪ್ಯಾಕ್ಲಿಟ್ಯಾಕ್ಸೆಲ್ ಅನ್ನುವ ಇನ್ನೊಂದು ಕೀಮೊ ಔಷಧಿ ಕೊಟ್ಟವರಲ್ಲಿ ಕೈಬೆರಳು, ಕಾಲ್ಬೆರಳು ಮರಗಟ್ಟುವುದು ಮಾಮೂಲು. ಬ್ರೇಕ್ ಹಿಡಿದದ್ದು ಬೆರಳಿಗೆ ಗೊತ್ತಾಗದಿದ್ದರೆ ಮಲೆನಾಡಿನ ಇಳಿಜಾರಿನಲ್ಲಿ ಸೈಕಲ್ ಬೇಡವೇ ಬೇಡ. ಅಕ್ಕನಿಗೆ ಕಾಲಿನಲ್ಲಿ ಸ್ವಲ್ಪ ಜೋಮು ಇತ್ತು, ಕೈ ಸರಿಯಿತ್ತು. ಡಾಕ್ಟರು ಸರಿ ಅಂದರು. ಹೆಲ್ಮೆಟ್ ಇಲ್ಲದೆ ಹತ್ತಬೇಡಿ ಅಂತಲೂ ಅಂದರು.

ಒಪ್ಪದವರು ಒಬ್ಬರು ಉಳಿದರು. ಅವರ ಯಜಮಾನರು.

ಕೊಯ್ಲಿನ ನಡುವೆ ಬಿಡುವು ಮಾಡಿಕೊಂಡು ಬಂದಿದ್ದರು. ಬೆರಳೆಲ್ಲ ಅಡಿಕೆ ಚೊಗರಿನಿಂದ ಕಪ್ಪಾಗಿತ್ತು. ಮೊದಲು ಕೇಳಿದ್ದು ಲೈಸೆನ್ಸ್ ಬಗ್ಗೆ. ಮೋಟಾರು 250 ವ್ಯಾಟ್‌ಗಿಂತ ಕಡಿಮೆ, ವೇಗ ಗಂಟೆಗೆ 25 ಕಿಲೋಮೀಟರ್ ಒಳಗೆ ಇದ್ದರೆ ಕಾನೂನಿನ ಲೆಕ್ಕದಲ್ಲಿ ಅದು ಮೋಟಾರು ವಾಹನ ಅಲ್ಲ, ಲೈಸೆನ್ಸ್ ಬೇಡ, ನಂಬರ್ ಪ್ಲೇಟೂ ಬೇಡ ಅಂದೆ. ಎರಡನೆಯದು, "ಮೋಟಾರೇ ಎಳೆಯೋದಾದ್ರೆ ವ್ಯಾಯಾಮ ಎಂತದು ಮೇಡಂ?" ಒಳ್ಳೆಯ ಪ್ರಶ್ನೆ. ತುಂಬಾ ಜನರಿಗೆ ಇದೇ ಅನುಮಾನ ಇರುತ್ತದೆ.

ಈ ಸೈಕಲ್ಲಿನಲ್ಲಿ ಎರಡು ಥರದ ಓಟ ಇದೆ. ಒಂದು ಸ್ಕೂಟರಿನ ಹಾಗೆ ಎಕ್ಸಲೇಟರ್ ತಿರುವುವುದು. ಆಗ ಕಾಲು ಸುಮ್ನೆ ಕೂತಿರುತ್ತದೆ, ವ್ಯಾಯಾಮ ಆಗುವುದಿಲ್ಲ. ಇನ್ನೊಂದು ಪೆಡಲ್ ಅಸಿಸ್ಟ್. ನೀವು ತುಳಿದರೆ ಮಾತ್ರ ಮೋಟಾರು ಕೈ ಜೋಡಿಸುತ್ತದೆ. ತುಳಿಯುವುದು ನಿಲ್ಲಿಸಿದರೆ ಅದೂ ನಿಲ್ಲುತ್ತದೆ. ಎಷ್ಟು ಸಹಾಯ ಬೇಕು ಅಂತ 1, 2, 3 ಅಂತ ಲೆವೆಲ್ ಇಟ್ಟುಕೊಳ್ಳಬಹುದು. ಇಂಗ್ಲೆಂಡಿನ ಬ್ರಿಸ್ಟಲ್ ವಿಶ್ವವಿದ್ಯಾಲಯದವರು 2018ರಲ್ಲಿ ಅಲ್ಲಿಯವರೆಗಿನ ಅಧ್ಯಯನಗಳನ್ನೆಲ್ಲ ಒಟ್ಟು ಮಾಡಿ ನೋಡಿದ್ದರು. ಇಂಥ ಸೈಕಲ್ ತುಳಿಯುವಾಗ ಮೈಗೆ ಬೀಳುವ ಶ್ರಮ ಸಾದಾ ಸೈಕಲ್ಲಿಗಿಂತ ಕಡಿಮೆ, ನಡಿಗೆಗಿಂತ ಜಾಸ್ತಿ, ಕಡೇಪಕ್ಷ ಮಧ್ಯಮ ಮಟ್ಟದ್ದು ಅಂತ ಅವರಿಗೆ ಕಂಡಿತು. ಸ್ತನ ಕ್ಯಾನ್ಸರ್ ಆದ ಹೆಂಗಸರಿಗೆ ಇದನ್ನು ಕಲಿಸಿ ನೋಡುವ ಕೆಲಸವನ್ನೂ ಅಲ್ಲಿಯವರು ಕೈಗೆತ್ತಿಕೊಂಡರು. ಡಾಕ್ಟರು ಕೇಳುವುದೂ ಮಧ್ಯಮ ಶ್ರಮವನ್ನೇ. ಮಾತಾಡೋಕೆ ಆಗಬೇಕು, ಹಾಡು ಹೇಳೋಕೆ ಆಗಬಾರದು, ಅಷ್ಟು ಏದುಸಿರು ಸಾಕು.

ಅವರು ಎಲ್ಲ ಕೇಳಿಸಿಕೊಂಡರು. ಆಮೇಲೆ ತುಂಬಾ ಹೊತ್ತು ಸುಮ್ಮನಿದ್ದರು. "ಬಿದ್ರೆ?" ಅಂದರು. ಆ ಒಂದು ಶಬ್ದ ಹೇಳುವಾಗ ಗಂಟಲು ಕಟ್ಟಿತು. ಆ ಎಂಟು ಕೀಮೊಗೂ ಇವರೇ ಜೊತೆಗೆ ಹೋಗಿದ್ದರು. ಆಸ್ಪತ್ರೆಯ ಕಾರಿಡಾರಿನಲ್ಲಿ ಟವೆಲ್ ಹಾಸಿ ಮಲಗಿದ್ದರು. ಅವರ ಭಯವನ್ನು ಈವರೆಗೆ ಯಾರೂ ಕೇಳಿರಲಿಲ್ಲ. "ಅವಳು ಕಣ್ಣೆದುರಿಗೆ ಕೂತಿದ್ರೆ ನಂಗೆ ತೋಟದಲ್ಲಿ ಕೈ ಓಡ್ತದೆ ಮೇಡಂ. ಕಾಣದಿದ್ರೆ ಆಗೋದಿಲ್ಲ."

ಅಕ್ಕ ಪಕ್ಕದಲ್ಲೇ ಇದ್ದರು. "ನೀವು ಹಿಂಗೆ ಅಂದ್ಕೊಂಡಿದ್ದು ನಂಗೆ ಗೊತ್ತೇ ಇರ್ಲಿಲ್ಲ. ನನ್ನ ಕೈಲಿ ಏನೂ ಆಗಲ್ಲ ಅಂತ ಕೂರ್ಸಿದ್ದೀರಿ ಅಂದ್ಕೊಂಡಿದ್ದೆ" ಅಂದರು. ಆ ದಿನ ಸೈಕಲ್ಲಿನ ಮಾತು ಅಲ್ಲಿಗೇ ಬಿಟ್ಟೆವು. ಒಂದು ಗಂಟೆಯ ಭೇಟಿ ಎರಡು ಗಂಟೆ ಆಯಿತು. ಆ ದಿನ ನಾನು ಮಾತಾಡಿದ್ದು ಕಡಿಮೆ.

ಕೊನೆಗೆ ಒಂದು ಒಪ್ಪಂದಕ್ಕೆ ಬಂದರು. ಯಜಮಾನರು ಬೈಕಿನಲ್ಲಿ ಹಿಂದೆ ಬರುವಂತಿಲ್ಲ. ಬದಲಿಗೆ, ರಸ್ತೆಯಲ್ಲಿ ನೆಟ್‌ವರ್ಕ್ ಸಿಗುವ ತಿರುವು ಎರಡಿವೆ. ಅಕ್ಕ ಅಲ್ಲಿ ನಿಂತು ಮಿಸ್ಡ್ ಕಾಲ್ ಕೊಡಬೇಕು. ಹೇಳಿದ ಹೊತ್ತಿಗಿಂತ ಕಾಲು ಗಂಟೆ ಜಾಸ್ತಿಯಾದರೆ ಮಾತ್ರ ಅವರು ಬೈಕ್ ತೆಗೆಯಬಹುದು. ಕಾವಲು ಕಾಯುವವರಿಗೂ ಒಂದು ಕೆಲಸ ಬೇಕು. ಕೆಲಸ ಇಲ್ಲದ ಕಾವಲು ಬರೀ ಆತಂಕ ಆಗುತ್ತದೆ.

ಸೈಕಲ್ ಕೊಳ್ಳುವಾಗ ಒಂದು ಎಡವಟ್ಟಾಯಿತು. ಅಂಗಡಿಯವರು ಎಕ್ಸಲೇಟರ್ ಇರುವುದನ್ನೇ ಹೊಗಳಿ, ನಡುವೆ ಎತ್ತರದ ಬಾರ್ ಇರುವ ಗಂಡಸರ ಸೈಕಲ್ ಕೊಟ್ಟು ಕಳಿಸಿದ್ದರು. ಅಕ್ಕನಿಗೆ ಕಾಲು ದಾಟಿಸೋಕೇ ಆಗಲಿಲ್ಲ. ವಾರದ ಜಗ್ಗಾಟದ ಮೇಲೆ ಬದಲಿಸಿಕೊಟ್ಟರು. ಹಾಗಾಗಿ ಹೇಳುತ್ತೇನೆ. ರೋಗಿಯನ್ನು ಕರೆದುಕೊಂಡು ಹೋಗಿ, ಹತ್ತಿಸಿ ಇಳಿಸಿ ನೋಡಿಯೇ ಕೊಳ್ಳಿ. ನಡುವೆ ತಗ್ಗಿರುವ ಫ್ರೇಮ್ ಬೇಕು. ಸೀಟಿನಲ್ಲಿ ಕೂತರೆ ಎರಡೂ ಪಾದ ನೆಲಕ್ಕೆ ತಾಗಬೇಕು. ಡಿಸ್ಕ್ ಬ್ರೇಕ್ ಇದ್ದರೆ ಒಳ್ಳೆಯದು, ಬೆರಳಿನಲ್ಲಿ ಬಲ ಕಡಿಮೆ ಸಾಕು. ಹ್ಯಾಂಡಲ್ ಎತ್ತರಕ್ಕಿರಬೇಕು. ಬಗ್ಗಿ ಕೂತರೆ ಮೈ ಭಾರ ಎಲ್ಲ ಅಂಗೈ ಮೇಲೆ ಬೀಳುತ್ತದೆ.

ಈ ಸೈಕಲ್ಲುಗಳು ಭಾರ ಇರುತ್ತವೆ, 20 ಕಿಲೋ ದಾಟಿದವೇ ಹೆಚ್ಚು. ಆಪರೇಷನ್ ಆದ ಕೈಯಲ್ಲಿ ಅದನ್ನು ಎತ್ತುವುದು, ಏರಿನಲ್ಲಿ ನೂಕುವುದು ಬೇಡ. ಅಕ್ಕ ಅದನ್ನು ಮನೆಗೆ ಇಳಿಸಲೇ ಇಲ್ಲ. ಟಾರು ರಸ್ತೆ ಪಕ್ಕದ ಪರಿಚಯದವರ ಕೊಟ್ಟಿಗೆಯಲ್ಲಿ ಇಟ್ಟರು. ಬ್ಯಾಟರಿಯನ್ನು ಮಾತ್ರ ಕಳಚಿ ಮನೆಗೆ ತರುವುದು, ಕರೆಂಟ್ ಇದ್ದಾಗ ಚಾರ್ಜ್ ಹಾಕುವುದು. ಬ್ಯಾಟರಿ ಚೀಲವನ್ನು ಮೊದಮೊದಲು ಯಜಮಾನರೇ ಹೊತ್ತು ಹತ್ತುತ್ತಿದ್ದರು. ಉಣುಗೋಲಿನಿಂದ ಮೇಲಿನ ಆ ಏರನ್ನು ಅಕ್ಕ ನಿಂತು ನಿಂತು ನಡೆದು ಹತ್ತಿದರು. ಹತ್ತಿದ ಮೇಲೆ ಸೈಕಲ್ ಸಿಗುತ್ತದೆ ಅಂತ ಗೊತ್ತಿದ್ದರೆ ಆ ಏರೂ ಬೇರೆ ಥರ ಕಾಣುತ್ತದಂತೆ.

ಡಿಸೆಂಬರಿನಲ್ಲಿ ಶುರು. ಮೊದಲ ವಾರ ಊರಿನ ಶಾಲೆ ಮೈದಾನದಲ್ಲಿ ಮೂರು ದಿನ, ದಿನಕ್ಕೆ ಹತ್ತೇ ನಿಮಿಷ. ಬ್ರೇಕ್ ಹಿಡಿದು ನಿಲ್ಲುವುದು, ಇಳಿಯುವುದು, ಇಷ್ಟೇ ಅಭ್ಯಾಸ. ಆಮೇಲೆ ರಸ್ತೆ. ನಾನು ಕೊಟ್ಟದ್ದು ಒಂದೇ ನಿಯಮ. ಸುಸ್ತಾದ ಮೇಲೆ ತಿರುಗಬೇಡಿ, ಸುಸ್ತಾಗುವ ಮೊದಲೇ ತಿರುಗಿ. ಹೋಗುವಾಗ ಮೋಟಾರಿನ ಸಹಾಯ ಕಡಿಮೆ ಇಡಿ, ಕಾಲು ದುಡಿಯಲಿ. ಬರುವಾಗ ಜಾಸ್ತಿ ಇಡಿ. ಬ್ಯಾಟರಿಯ ಅರ್ಧ ವಾಪಸ್ ಬರುವುದಕ್ಕೆ ಅಂತ ಎತ್ತಿಟ್ಟದ್ದು, ಅದನ್ನು ಮುಟ್ಟಬೇಡಿ.

ಪುಸ್ತಕ ಮುಂದುವರಿಯಿತು. ಕಿಲೋಮೀಟರ್ ಬರೆಯಬೇಡಿ, ಎಲ್ಲಿ ತಿರುಗಿದಿರಿ ಅಂತ ಬರೆಯಿರಿ ಅಂದಿದ್ದೆ. "ಇಲ್ಲ" ಅಂತಿದ್ದ ಪುಟಗಳ ನಂತರ ಹೀಗೆ ಬರತೊಡಗಿತು. ಹಾಲಿನ ಡೈರಿ. ಡೈರಿ. ಇಲ್ಲ, ಕಾಲುನೋವು. ಹಲಸಿನ ಮರ. ಬಸ್ ಸ್ಟ್ಯಾಂಡ್. ಐದನೇ ವಾರದಲ್ಲಿ ಒಂದು ದಿನ "ಮೋರಿ" ಅಂತ ಮಾತ್ರ ಇತ್ತು. ಅದರ ಮುಂದಿನ ಸಾಲು ಖಾಲಿ. ಏನಾಯ್ತು ಅಂತ ಕೇಳಿದೆ. ಸೈಕಲ್ ನಿಲ್ಲಿಸಿ ಅದೇ ಕಟ್ಟೆ ಮೇಲೆ ಕೂತೆ ಅಂದರು. ಬೇಕಂತಲೇ ಕೂತರಂತೆ. ನೀರು ಕುಡಿದು, ಬಂದ ದಾರಿಯನ್ನು ನೋಡಿ, 3ನೇ ಲೆವೆಲ್ ಹಾಕಿಕೊಂಡು ಮನೆಗೆ ಬಂದರು. ಮರುವಾರ ಮೋರಿ ದಾಟಿ ನಾದಿನಿ ಮನೆಗೆ ಹೋದರು.

ಎಲ್ಲ ಹೀಗೇ ನಡೆಯಲಿಲ್ಲ. ಫೆಬ್ರವರಿಯಲ್ಲಿ ಎಡಗೈ ಭಾರ ಅನ್ನಿಸಿತು. ಬಳೆ ಬಿಗಿಯಾಯಿತು. ಕಂಕುಳಿನ ಗಂಟು ತೆಗೆದವರಿಗೆ ಬರುವ ಬಾವು ಇದು, ಲಿಂಫೆಡಿಮಾ ಅನ್ನುತ್ತಾರೆ. ಮನೆಯಲ್ಲಿ ಎಲ್ಲರೂ ಸೈಕಲ್ಲನ್ನೇ ದೂರಿದರು. ಅಕ್ಕನೂ ಹೆದರಿ ಬಿಟ್ಟುಬಿಟ್ಟರು. ಫಿಸಿಯೋಥೆರಪಿಸ್ಟ್ ನೋಡಿದಾಗ ಗೊತ್ತಾಯಿತು, ಹ್ಯಾಂಡಲ್ ಸಡಿಲವಾಗಿ ಕೆಳಗಿಳಿದಿತ್ತು. ಅಕ್ಕ ಅದನ್ನು ಗಟ್ಟಿಯಾಗಿ ಹಿಡಿದು, ಎಡಗೈ ಮೇಲೆ ಭಾರ ಬಿಟ್ಟು ಓಡಿಸುತ್ತಿದ್ದರು. ಹ್ಯಾಂಡಲ್ ಎತ್ತರಿಸಿದರು. ಕಂಪ್ರೆಷನ್ ಸ್ಲೀವ್ ಅನ್ನುವ ಬಿಗಿ ತೋಳು ಹಾಕಿಸಿದರು. ಹತ್ತು ನಿಮಿಷಕ್ಕೊಮ್ಮೆ ನಿಂತು ಕೈ ಮೇಲೆತ್ತಿ ಮುಷ್ಟಿ ಬಿಗಿದು ಬಿಡುವ ಅಭ್ಯಾಸ ಹೇಳಿಕೊಟ್ಟರು. ಎರಡು ವಾರದಲ್ಲಿ ಬಾವು ಇಳಿಯಿತು, ಮತ್ತೆ ಹತ್ತಿದರು.

ಆ ಕೈಯಲ್ಲಿ ಏನೂ ಎತ್ತಬೇಡಿ, ಏನೂ ಮಾಡಬೇಡಿ ಅನ್ನುವ ಹಳೆಯ ಮಾತು ಈಗಲೂ ಓಡಾಡುತ್ತಿದೆ. 2009ರಲ್ಲಿ ಅಮೆರಿಕದಲ್ಲಿ ಕೈ ಬಾವು ಇದ್ದ 141 ಹೆಂಗಸರ ಮೇಲೆ ಮಾಡಿದ ಅಧ್ಯಯನವೊಂದು ಬಂತು. ಅರ್ಧದಷ್ಟು ಜನರಿಗೆ ವಾರಕ್ಕೆರಡು ಸಲ, ಸ್ವಲ್ಪ ಸ್ವಲ್ಪವೇ ಏರಿಸುತ್ತಾ ತೂಕ ಎತ್ತಿಸಿದ್ದರು. ಬಾವು ಹೆಚ್ಚಲಿಲ್ಲ. ಕೈಯ ತೊಂದರೆ ಉಲ್ಬಣಿಸಿದ್ದೂ ಅವರಲ್ಲೇ ಕಡಿಮೆ. ಕೈಗೆ ಕೆಲಸ ಬೇಡ ಅಂತಲ್ಲ, ದಿಢೀರ್ ಕೆಲಸ ಬೇಡ. ನಮ್ಮ ಕಡೆ ನಿಜವಾಗಿ ಹೆದರಬೇಕಾದದ್ದು ಗೀರು, ಮುಳ್ಳು, ಉಂಬಳ ಕಚ್ಚಿದ ಗಾಯಕ್ಕೆ. ಆ ಕೈಗೆ ಸೋಂಕು ಬೇಗ ಏರುತ್ತದೆ. ಕೆಂಪಾಗಿ, ಬಿಸಿಯಾಗಿ, ಜ್ವರ ಬಂದರೆ ಅರಿಶಿನ ಹಚ್ಚಿ ಕೂರಬೇಡಿ. ಅದೇ ದಿನ ಆಸ್ಪತ್ರೆಗೆ ಹೋಗಿ.

ಮಗಳು ಒಂದು ದಿನ ನನ್ನನ್ನು ಒಬ್ಬಳೇ ಕೇಳಿದಳು. "ಹೀಗೆ ಮಾಡಿದ್ರೆ ಅಮ್ಮಂಗೆ ಮತ್ತೆ ಬರಲ್ಲ ಅಲ್ವಾ ಮೇಡಂ?" ಹೌದು ಅನ್ನುವುದು ಎಷ್ಟು ಸುಲಭ ಇತ್ತು. ದೊಡ್ಡ ಕರುಳಿನ ಕ್ಯಾನ್ಸರ್ ಆದ 889 ಜನರ ಮೇಲೆ ಮಾಡಿದ ಅಧ್ಯಯನ 2025ರಲ್ಲಿ ಬಂದಿದೆ. ಮೂರು ವರ್ಷ ತರಬೇತಿ ಕೊಟ್ಟು ವ್ಯಾಯಾಮ ಮಾಡಿಸಿದವರಲ್ಲಿ ಐದು ವರ್ಷದ ಹೊತ್ತಿಗೆ ಕಾಯಿಲೆ ಮರುಕಳಿಸದೆ ಇದ್ದವರು ನೂರಕ್ಕೆ 80, ಬರೀ ಪುಸ್ತಕ ಕೊಟ್ಟು ಕಳಿಸಿದವರಲ್ಲಿ 74. ದೊಡ್ಡ ವಿಷಯವೇ. ಆದರೆ ಅದು ಕರುಳಿನ ಕ್ಯಾನ್ಸರಿನ ಲೆಕ್ಕ, ಅಮ್ಮನದು ಸ್ತನದ್ದು. ಹಾಗಾಗಿ ನಾನು ಮಾತು ಕೊಡಲಿಲ್ಲ. ನಾಳೆ ಏನಾದರೂ ಆದರೆ, ಅಮ್ಮ ಸರಿಯಾಗಿ ಸೈಕಲ್ ತುಳಿಯಲಿಲ್ಲ ಅಂತ ಯಾರಿಗೂ ಅನ್ನಿಸಬಾರದು. ಸುಸ್ತು ಇಳಿಯುತ್ತದೆ, ಮನಸ್ಸು ಹಗುರ ಆಗುತ್ತದೆ, ಲೆಟ್ರೊಜೋಲ್‌ನಿಂದ ಬರುವ ಕೀಲುನೋವೂ ವ್ಯಾಯಾಮದಿಂದ ಕಡಿಮೆಯಾಗುತ್ತದೆ, ಇಷ್ಟನ್ನು ಧೈರ್ಯವಾಗಿ ಹೇಳಬಲ್ಲೆ ಅಂದೆ.

ನಿಮ್ಮ ಮನೆಯಲ್ಲೂ ಹೀಗೆ ಚಿಕಿತ್ಸೆ ಮುಗಿಸಿ ಕೂತವರಿದ್ದರೆ, ಓದಿದ ಕೂಡಲೇ ಸೈಕಲ್ ತರಬೇಡಿ. ಕ್ಯಾನ್ಸರ್ ಮೂಳೆಗೆ ಹರಡಿದ್ದರೆ, ಪ್ಲೇಟ್‌ಲೆಟ್ 50,000ಕ್ಕಿಂತ ಕೆಳಗಿದ್ದರೆ, ಜ್ವರ ಇದ್ದರೆ, ತಲೆ ಸುತ್ತುತ್ತಿದ್ದರೆ, ಹೊಲಿಗೆ ಹಸಿ ಇದ್ದರೆ ಸೈಕಲ್ ಹತ್ತಬಾರದು. ನಿದ್ದೆ ಮಾತ್ರೆ ತಗೊಂಡ ಮರುದಿನ ಬೆಳಿಗ್ಗೆ ಮಂಪರು ಇದ್ದರೂ ಬೇಡ. ನಮ್ಮ ಜಿಲ್ಲೆಯಲ್ಲಿ ಎಲೆಅಡಿಕೆ, ಹೊಗೆಸೊಪ್ಪಿನಿಂದ ಬಾಯಿ ಕ್ಯಾನ್ಸರ್ ಆಗಿ ಕುತ್ತಿಗೆ ಆಪರೇಷನ್ ಆದವರು ಬರುತ್ತಾರೆ. ಅವರಿಗೆ ಕಾಲು ಗಟ್ಟಿ ಇದ್ದರೂ ಕತ್ತು ತಿರುಗಿಸಿ ಹಿಂದೆ ನೋಡೋಕೆ ಆಗುವುದಿಲ್ಲ. ಹ್ಯಾಂಡಲ್‌ಗೆ ಎರಡೂ ಕಡೆ ಕನ್ನಡಿ ಹಾಕಿಸದೆ ರಸ್ತೆಗೆ ಬಿಡಬೇಡಿ. ಗುದದ್ವಾರ ಅಥವಾ ಪ್ರೊಸ್ಟೇಟ್ ಆಪರೇಷನ್ ಆದವರು ಸೀಟಿನ ಬಗ್ಗೆ ಸರ್ಜನ್ನನ್ನೇ ಕೇಳಬೇಕು. ಡಿಸೆಂಬರಿನಿಂದ ಮೇವರೆಗೆ ಕಾಡಿನ ಉಣ್ಣೆ ಕಚ್ಚಿ ಬರುವ ಮಂಗನ ಕಾಯಿಲೆಯ ಕಾಲ, ಹತ್ತಿರ ಅಂತ ಕಾಡಿನ ಒಳದಾರಿ ಹಿಡಿಯಬೇಡಿ. ಟಾರು ರಸ್ತೆಯಲ್ಲೇ ಇರಿ.

ದುಡ್ಡಿನ ಮಾತೂ ಇದೆ. ಇಂಥ ಸೈಕಲ್ಲಿಗೆ ಹತ್ತಾರು ಸಾವಿರ ರೂಪಾಯಿ ಬೇಕು. ಚಿಕಿತ್ಸೆಗೇ ಚಿನ್ನ ಅಡವಿಟ್ಟವರಿಗೆ ನಾನು ಇದನ್ನು ಕೊಳ್ಳಿ ಅನ್ನುವುದಿಲ್ಲ. ಅವರಿಗೆ ಹೇಳುವುದು, ವಾಪಸ್ ಬರುವ ದಾರಿಯನ್ನು ಮೊದಲು ಗೊತ್ತು ಮಾಡಿಕೊಳ್ಳಿ. ನಿಮ್ಮೂರಿನ ಬಸ್ಸು ಎಷ್ಟು ಹೊತ್ತಿಗೆ ಬರುತ್ತದೆ ನೋಡಿ. ಬಸ್ಸು ಬರುವ ಇಪ್ಪತ್ತು ನಿಮಿಷ ಮೊದಲು ಹೊರಟು, ಮುಂದಿನ ಸ್ಟಾಪಿನವರೆಗೆ ನಡೆಯಿರಿ. ಅಲ್ಲಿಂದ ನಿಮ್ಮೂರಿನ ಕಡೆ ಬರುವ ಬಸ್ಸಿನಲ್ಲಿ ಕೂತು ಮನೆಗೆ ಬನ್ನಿ. ಇಲ್ಲವೇ ಹಾಲು ಹಾಕಿ ಬರುವ ಮಗನ ಬೈಕ್ ಎಲ್ಲಿ ಎದುರಾಗುತ್ತದೆ ಅಂತ ಲೆಕ್ಕ ಹಾಕಿ ಅಲ್ಲಿಯವರೆಗೆ ಹೋಗಿ. ಹೊಸನಗರ ಕಡೆಯ ಒಬ್ಬರು ಹೀಗೆ ಬಸ್ಸಿನ ಹೊತ್ತು ನೋಡಿಕೊಂಡೇ ಎರಡು ತಿಂಗಳು ನಡೆದರು. ಈಗ ಬಸ್ ಹತ್ತುವುದೇ ಇಲ್ಲ.

ಮಳೆಗಾಲಕ್ಕೆ ಏನು ಮಾಡುವುದು ಅಂತ ಅಕ್ಕನ ಜೊತೆ ಮೊದಲೇ ಮಾತಾಡಿಟ್ಟೆವು. ಜೂನ್ ಬಂದರೆ ಪಾಚಿ ಕಟ್ಟಿದ ರಸ್ತೆಯಲ್ಲಿ ಸೈಕಲ್ ಜಾರುತ್ತದೆ. ಹೊಳವಾದ ದಿನ ಮಾತ್ರ ತೆಗೆಯುವುದು. ಉಳಿದ ದಿನ ಜಗಲಿ ಮೆಟ್ಟಿಲು ಹತ್ತಿ ಇಳಿಯುವುದು, ಕುರ್ಚಿಯಿಂದ ಕೈ ಊರದೆ ಎದ್ದು ಕೂರುವುದು. ಒಂದು ಹಸು ತರುವ ಮಾತೂ ನಡೆದಿದೆ. ಅದು ಬೇಕೋ ಬೇಡವೋ ಅಂತ ಗಂಡ ಹೆಂಡತಿ ಜಗಳ ಆಡುತ್ತಿದ್ದಾರೆ. ಅದಕ್ಕೆ ನನ್ನ ಸಲಹೆ ಕೇಳಿಲ್ಲ.

ಏಪ್ರಿಲ್ ಕೊನೆಯ ಭೇಟಿಗೆ ಅಕ್ಕ ಬರಲಿಲ್ಲ. ಹತ್ತು ಗಂಟೆಗೆ ಬರಬೇಕಿತ್ತು. ಹತ್ತೂವರೆಗೆ ಫೋನ್ ಬಂತು. ಹಿಂದೆ ನಾಲ್ಕಾರು ಹೆಂಗಸರ ಮಾತು, ಒನಕೆಯ ಸದ್ದು.

"ಮೇಡಂ, ಮರ್ತೇ ಹೋಯ್ತು. ನಾದಿನಿ ಮನೇಲಿ ಹಲಸಿನ ಹಪ್ಪಳ. ಬೆಳಿಗ್ಗೆನೇ ಬಂದ್ಬಿಟ್ಟೆ."

ಸಂಜೆ ವಾಪಸ್ ಹೋಗೋಕೆ ಚಾರ್ಜ್ ಇದೆಯಾ ಅಂತ ಕೇಳಿದೆ.

"ಎರಡು ಗೀಟು ಉಳ್ದಿದೆ," ಅಂದರು. "ಸಾಕು."